ತಿಂಗಳಿಗೊಮ್ಮೆ ಬರುತ್ತಿದ್ದ ಫಿಟ್ಸು

ಫಿಟ್ಸ್ ಕಾಯಿಲೆಯ ಸಂಶೋಧನೆಗೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಕೋಲಾರದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, "ಮೇಡಂ, ಹಳ್ಳಿ ಕಡೆ ಹೋಗೋಕೆ ಮುಂಚೆ ಏನ್ ಓದ್ಕೋಬೇಕು?" ಎಂದು ಕೇಳುತ್ತಾರೆ. ಓದುವುದನ್ನೆಲ್ಲ ಓದಿಕೊಂಡೇ ಬಂದಿರುತ್ತಾರೆ, ಮುಖ ನೋಡಿದರೇ ಗೊತ್ತಾಗುತ್ತದೆ. ಅವರಿಗೆ ಕೊಡಲು ನನ್ನ ಹತ್ತಿರ ಪುಸ್ತಕವಿಲ್ಲ. ಕೆಲವು ಹೆಂಗಸರ ವಿಷಯ ಇದೆ, ನಾವೆಲ್ಲ ಸೇರಿ ಮಾಡಿಕೊಂಡ ಕೆಲವು ಎಡವಟ್ಟುಗಳಿವೆ. ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ಅವರಿಗೆ ಫೋನು ಬಂದು ಎದ್ದು ಹೋಗುತ್ತಾರೆ. ಅದಕ್ಕೇ ಬರೆಯಲು ಕುಳಿತೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹುಟ್ಟಿದ್ದು ಮಾಲೂರು. ಕೆಲಸ ಮಾಡಿದ್ದು ಮುಳಬಾಗಿಲು, ಕೋಲಾರ, ಕೊನೆಗೆ ಶ್ರೀನಿವಾಸಪುರ. ಕನ್ನಡದಲ್ಲಿ ಗದರಿ ತೆಲುಗಿನಲ್ಲಿ ಸಮಾಧಾನ ಮಾಡುವುದು ಆ ಕಡೆಯ ನರ್ಸುಗಳಿಗೆಲ್ಲ ಬರುತ್ತದೆ, ನನಗೂ ಬರುತ್ತಿತ್ತು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಹಾರ, ಇವುಗಳಿಂದ ಯಾರಿಗೂ ಉಪಯೋಗವಿಲ್ಲ. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಫಿಟ್ಸ್ ಕ್ಲಿನಿಕ್ಕಿಗೆಂದು ಬರುತ್ತಿದ್ದ ನರರೋಗ ತಜ್ಞೆಯೊಬ್ಬರ ಜೊತೆ ನನ್ನನ್ನು ಹಾಕಿದ ಮೇಲೆ ನನ್ನ ಕೆಲಸಕ್ಕೆ ರುಚಿ ಬಂತು. ಅಲ್ಲಿಂದಲೇ ಶುರುಮಾಡುತ್ತೇನೆ.

ಅವರ ಹೆಸರು ಡಾಕ್ಟರ್ ವಾರಿಜಾ ಎಂದಿಟ್ಟುಕೊಳ್ಳಿ. ಗಿಡ್ಡಗಿದ್ದರು, ಸಿಟ್ಟು ಬೇಗ ಬರುತ್ತಿತ್ತು, ಅಷ್ಟೇ ಬೇಗ ಹೋಗುತ್ತಿತ್ತು. ಅವರು ಬರುವ ಮುಂಚೆ ನಾವು ರೋಗಿಗಳನ್ನು ಕೇಳುತ್ತಿದ್ದ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ನಾಲಿಗೆ ಕಚ್ಚಿಕೊಂಡೆಯಾ, ಬಟ್ಟೆ ಒದ್ದೆಯಾಯಿತಾ, ನಿದ್ದೆ ಕೆಟ್ಟಿತ್ತಾ, ಹೀಗೆ. ಜೊತೆಗೆ ಬಂದವರು, ಕೈಗೆ ಬೀಗದ ಕೈ ಕೊಟ್ಟೆವು, ಈರುಳ್ಳಿ ವಾಸನೆ ತೋರಿಸಿದೆವು, ಅಮಾವಾಸ್ಯೆಗೆ ಜಾಸ್ತಿ ಎಂದು ತಾವಾಗಿಯೇ ಹೇಳುತ್ತಿದ್ದರು. ಅದನ್ನೂ ಬರೆದುಕೊಳ್ಳುತ್ತಿದ್ದೆವು. ಮೊದಲ ದಿನ ವಾರಿಜಾ ಮೇಡಂ ಹಳೆಯ ಚೀಟಿಗಳನ್ನೆಲ್ಲ ತಿರುವಿಹಾಕಿ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು.

"ಸಿಸ್ಟರ್, ಅಮಾವಾಸ್ಯೆ ಬರ್ದಿದೀರಾ. ಇಷ್ಟು ಜನ ಹೆಂಗಸರಿದ್ದಾರಲ್ಲ, ಒಬ್ಬರದಾದ್ರೂ ಮುಟ್ಟಿನ ದಿನ ಬರ್ದಿದೀರಾ?"

ಬರೆದಿರಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವತ್ತು ಮಧ್ಯಾಹ್ನ ಮೊಸರನ್ನ ತಿನ್ನುತ್ತಾ ಅವರು ನನಗೆ ಪಾಠ ಮಾಡಿದರು. ಹೆಣ್ಣಿನ ಮೈಯಲ್ಲಿ ಎರಡು ಮುಖ್ಯ ಹಾರ್ಮೋನುಗಳು. ಈಸ್ಟ್ರೋಜನ್ ಮಿದುಳಿನ ನರಗಳನ್ನು ಕೆಣಕುವ ಕಡೆಗಿರುತ್ತದೆ, ಪ್ರೊಜೆಸ್ಟರಾನ್ ಸುಮ್ಮನಿರಿಸುವ ಕಡೆಗೆ. ಮುಟ್ಟಾಗುವುದಕ್ಕೆ ಸ್ವಲ್ಪ ಮುಂಚೆ ಪ್ರೊಜೆಸ್ಟರಾನ್ ದಿಢೀರನೆ ಇಳಿದುಬಿಡುತ್ತದೆ. ಆಗ ಫಿಟ್ಸ್ ಇರುವ ಕೆಲವು ಹೆಂಗಸರಿಗೆ, ಎಲ್ಲರಿಗೂ ಅಲ್ಲ, ಫಿಟ್ಸ್ ಜಾಸ್ತಿಯಾಗುತ್ತದೆ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ, ಯಾಕೆ ಎಂಬುದನ್ನು ಇನ್ನೂ ಹುಡುಕುತ್ತಿದ್ದಾರೆ. ಪ್ರಯೋಗಶಾಲೆಗಳಲ್ಲಿ ಬಹಳ ಕಾಲ ಗಂಡು ಇಲಿಗಳನ್ನೇ ಹೆಚ್ಚಾಗಿ ಬಳಸುತ್ತಿದ್ದರಂತೆ. ಹೆಣ್ಣಿಲಿಯ ಹಾರ್ಮೋನು ದಿನಕ್ಕೊಂದು ಥರ, ಲೆಕ್ಕ ಕೆಡುತ್ತದೆ ಎಂಬ ಕಾರಣಕ್ಕೆ. ಕೆಡಲಿ, ಲೆಕ್ಕ ಸರಿಮಾಡುವುದು ತಾನೇ ಇವರ ಕೆಲಸ ಎಂದು ನಾನು ಅಂದೆ. ಮೇಡಂ ಮೊಸರನ್ನ ನೆತ್ತಿಗೇರುವಷ್ಟು ನಕ್ಕರು. ಅಂದಿನಿಂದ ನಮ್ಮಿಬ್ಬರಿಗೂ ಸರಿಹೋಯಿತು.

ಈಗ ಕೇಳುವುದು ಹೇಗೆ ಎಂಬ ಪ್ರಶ್ನೆ ಬಂತು. ಓದು ಬಾರದ ಹೆಂಗಸರೂ ಗುರುತು ಹಾಕುವ ಹಾಗಿರಲಿ ಎಂದು ಮೇಡಂ ಮನೆಗೊಂದು ಗೋಡೆ ಕ್ಯಾಲೆಂಡರ್ ಕೊಟ್ಟರು. ಮುಟ್ಟಾದ ದಿನಕ್ಕೆ ಒಂದು ಗೀಟು, ಫಿಟ್ಸ್ ಬಂದ ದಿನಕ್ಕೆ ಹಣೆಬೊಟ್ಟಿನ ಸ್ಟಿಕ್ಕರ್. ಮುಂದಿನ ತಿಂಗಳು ಬಂದ ಕ್ಯಾಲೆಂಡರುಗಳಲ್ಲಿ ಬೊಟ್ಟುಗಳಿದ್ದವು, ಒಂದು ಗೀಟೂ ಇರಲಿಲ್ಲ. ಯಾರಿಗೂ ಮುಟ್ಟೇ ಆಗಿಲ್ಲವೇನ್ರಮ್ಮಾ ಎಂದು ನಾನು ಗದರಿದೆ. ಮುಳಬಾಗಿಲಿನ ಕಡೆಯ ಒಬ್ಬ ಮುದುಕಿ, ಮೊಮ್ಮಗಳ ಜೊತೆ ಬಂದವಳು, ಕ್ಯಾಲೆಂಡರನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಮೇಲೆ ವೆಂಕಟರಮಣ ಸ್ವಾಮಿ ನಿಂತಿದ್ದ.

"ಸ್ವಾಮಿ ಪಾದದ ಕೆಳಗೆ ಅದನ್ನ ಬರೀಬೋದಾ ನರ್ಸಮ್ಮ? ನೀನೇ ಹೇಳು."

ಆಮೇಲೆ ನಾನು ಬೀಜದ ಅಂಗಡಿಗೆ ಹೋಗಿ ಟೊಮೆಟೊ ಚಿತ್ರದ ಕ್ಯಾಲೆಂಡರುಗಳನ್ನು ಕೇಳಿ ತಂದೆ. ಟೊಮೆಟೊ ಕೆಳಗೆ ಏನು ಬೇಕಾದರೂ ಬರೆಯಬಹುದು. ಗೀಟುಗಳು ಬರತೊಡಗಿದವು.

ಕ್ಯಾಲೆಂಡರಿಗಿಂತ ದೊಡ್ಡ ಪಾಠ ಕಲಿಸಿದವಳು ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಓಡಾಡುತ್ತಿದ್ದ ಒಬ್ಬ ಹುಡುಗಿ. ತಿಂಗಳು ತಿಂಗಳೂ ಮುಟ್ಟಿನ ಹಿಂದಿನ ದಿನ ಅವಳಿಗೆ ಫಿಟ್ಸ್ ಬರುತ್ತಿತ್ತು. ಒಂದು ಶ್ರಾವಣದಲ್ಲಿ ಮಾತ್ರ ಆ ಹೊತ್ತಿಗೆ ಬರಲಿಲ್ಲ, ಒಂದು ವಾರ ಬಿಟ್ಟು ಒಂದೇ ದಿನ ಎರಡು ಸಲ ಬಂತು. ಏನು ಮಾಡಿದೆ ಎಂದು ಮೇಡಂ ಎಳೆ ಎಳೆಯಾಗಿ ಕೇಳಿದರು. ಹುಡುಗಿ ನಾಚಿಕೊಂಡು, ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯಲ್ಲಿ ಕಳಶ ಇಡುವುದಿತ್ತು, ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ನುಂಗಿದ್ದೆ ಎಂದಳು. ಆ ಮಾತ್ರೆ ಪ್ರೊಜೆಸ್ಟರಾನಿನ ಜಾತಿಯದೇ. ನುಂಗುವಷ್ಟು ದಿನ ಫಿಟ್ಸ್ ಸುಮ್ಮನಿತ್ತು, ಬಿಟ್ಟ ಕೂಡಲೇ ಎರಗಿತು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಸಿಸ್ಟರ್, ನಾವು ಮಾಡ್ಬೇಕಾದ ಪ್ರಯೋಗಾನ ಹಬ್ಬ ಮಾಡಿಬಿಟ್ಟಿದೆ" ಎಂದರು. ಹುಡುಗಿಗೆ ಮಾತ್ರ, ಇನ್ನು ಮೇಲೆ ನಮ್ಮನ್ನು ಕೇಳದೆ ಆ ಮಾತ್ರೆ ಮುಟ್ಟಬೇಡ ಎಂದು ಚೆನ್ನಾಗಿ ಬೈದರು.

ದೇವರಾಯಸಮುದ್ರದಿಂದ ಬರುತ್ತಿದ್ದ ಹೆಂಗಸಿನದು ಇದರ ತಿರುಗುಮುರುಗು. ಫಿಟ್ಸ್ ಮಾತ್ರೆಯನ್ನು ಅವಳು ಶ್ರದ್ಧೆಯಿಂದ ನುಂಗುತ್ತಿದ್ದಳು. ಮಕ್ಕಳು ಸಾಕೆಂದು ಗರ್ಭನಿರೋಧಕ ಮಾತ್ರೆಯನ್ನೂ ಅಷ್ಟೇ ಶ್ರದ್ಧೆಯಿಂದ ನುಂಗುತ್ತಿದ್ದಳು. ಆದರೂ ಬಸುರಾದಳು. ಗಂಡ ಅವಳ ಮೇಲೆ, ಅವಳು ನಮ್ಮ ಮೇಲೆ, ನಾನು ಮಾತ್ರೆಯ ಕಂಪನಿಯ ಮೇಲೆ ಸಿಟ್ಟಾದೆವು. ಕೆಲವು ಫಿಟ್ಸ್ ಔಷಧಿಗಳು ಲಿವರನ್ನು ಎಬ್ಬಿಸಿ, ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಬೇಗ ಕರಗಿಹೋಗುವಂತೆ ಮಾಡುತ್ತವೆ ಎಂದು ಮೇಡಂ ಆಮೇಲೆ ವಿವರಿಸಿದರು. ಅವಳು ಎಲ್ಲ ಕೇಳಿಸಿಕೊಂಡು, "ಇದನ್ನ ಮೊದ್ಲೇ ಹೇಳಿದ್ದಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?" ಎಂದಳು. ಅಂದಿನಿಂದ ಹೆಂಗಸು ಬಂದರೆ ಅವಳು ನುಂಗುವ ಪ್ರತಿಯೊಂದು ಮಾತ್ರೆಯನ್ನೂ ಮೇಜಿನ ಮೇಲೆ ಸುರಿಯಿರಿ ಎನ್ನುವುದು ನಮ್ಮ ಕ್ಲಿನಿಕ್ಕಿನ ಪದ್ಧತಿಯಾಯಿತು.

ಇಷ್ಟೆಲ್ಲ ಕಲಿತ ಮೇಲೆ ನಮಗೆ ಸ್ವಲ್ಪ ಜಂಬವೂ ಬಂದಿತ್ತು ಎಂದು ಕಾಣುತ್ತದೆ. ರಾಯಲ್ಪಾಡಿನ ಹತ್ತಿರದ ಹಳ್ಳಿಯಿಂದ ವೆಂಕಟಲಕ್ಷ್ಮಿ ಬಂದದ್ದು ಆ ಹೊತ್ತಿನಲ್ಲಿ.

ಇಪ್ಪತ್ತೇಳರ ಹೆಂಗಸು, ತೆಳ್ಳಗೆ, ನಾಲ್ಕು ವರ್ಷದ ಒಬ್ಬಳು ಮಗಳು. ಗಂಡ ಶಿವಾರೆಡ್ಡಿ ಟೆಂಪೊದಲ್ಲಿ ಟೊಮೆಟೊ ತುಂಬಿಕೊಂಡು ಮಂಡಿಗೆ ಹೋಗುತ್ತಿದ್ದ, ಆಸ್ಪತ್ರೆಗೆ ಬರುತ್ತಿದ್ದದ್ದು ಅತ್ತೆ ನಾರಾಯಣಮ್ಮ. ಗಟ್ಟಿ ಹೆಂಗಸು. ಎಕರೆಗಟ್ಟಲೆ ಮಾವಿನ ತೋಟವನ್ನು ಗಂಡ ಹೋದ ಮೇಲೆ ತಾನೇ ನೋಡಿಕೊಂಡವಳು. ಸೊಸೆಯ ಕಾಯಿಲೆಯನ್ನು ಮುಚ್ಚಿಡದೆ, ತವರಿಗೆ ಅಟ್ಟದೆ, ಪ್ರತಿ ಕ್ಲಿನಿಕ್ಕಿಗೂ ತಪ್ಪದೆ ಕರೆತರುತ್ತಿದ್ದಳು. ಅಂಥ ಅತ್ತೆಯರನ್ನು ನಾನು ಹೆಚ್ಚು ನೋಡಿರಲಿಲ್ಲ.

ವೆಂಕಟಲಕ್ಷ್ಮಿಯ ಕ್ಯಾಲೆಂಡರು ಪಾಠದ ಪುಸ್ತಕದ ಚಿತ್ರದಂತಿತ್ತು. ಗೀಟು ಬಿದ್ದ ಮೂರು ದಿನಗಳಲ್ಲೇ ಅಥವಾ ಅದರ ಮಾರನೆಯ ದಿನ ಬೊಟ್ಟುಗಳು. ಕೆಲವು ತಿಂಗಳು ಒಂದೆರಡು ದಿನ ಮುಂಚೆ ಒಂದು ಚಿಲ್ಲರೆ ಬೊಟ್ಟು. ಉಳಿದ ದಿನಗಳೆಲ್ಲ ಖಾಲಿ. ಶಿವರಾತ್ರಿಯ ಸುಮಾರಿಗೆ ಮೇಡಂ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು, ಇದು ಮುಟ್ಟಿಗೆ ಸಂಬಂಧಪಟ್ಟ ಫಿಟ್ಸ್, ಹಾರ್ಮೋನಿನ ಏರಿಳಿತದಿಂದ ಬರುವುದು, ಬೇರೆ ಬೇರೆ ದಿನ ರಕ್ತ ತೆಗೆದು ನೋಡುತ್ತೇವೆ ಎಂದರು. ನಾನು ಅದನ್ನು ತೆಲುಗಿನಲ್ಲೂ ಹೇಳಿದೆ. ನಾರಾಯಣಮ್ಮ ತಲೆಯಾಡಿಸಿದಳು. ಅರ್ಥವಾಯಿತೆಂದು ನಾವು ತಿಳಿದೆವು.

ಅರ್ಥವಾಗಿತ್ತು, ಆದರೆ ನಾವೆಣಿಸಿದ ಹಾಗಲ್ಲ. ಮುಂದಿನ ತಿಂಗಳು ಬಂದವಳೇ, "ಡಾಕ್ಟ್ರಮ್ಮ, ಇವ್ಳಿಗೆ ಗರ್ಭಕೋಶ ತೆಗ್ಸಿಬಿಡ್ತೀವಿ. ನರ್ಸಿಂಗ್ ಹೋಮಲ್ಲಿ ಮಾತಾಡಿದ್ದಾಯ್ತು. ಕಾಯಿ ಮುಗಿದ ಮೇಲೆ ಬನ್ನಿ ಅಂದವ್ರೆ" ಎಂದಳು.

ಕಾಯಿ ಎಂದರೆ ಮಾವು. ಶ್ರೀನಿವಾಸಪುರದ ಕಡೆ ಮದುವೆ, ಸಾಲ, ಆಪರೇಷನ್ನು ಎಲ್ಲಕ್ಕೂ ಅದೇ ಗಡುವು.

"ಯಾಕೆ ನಾರಾಯಣಮ್ಮ?" ಮೇಡಂ ದನಿ ಏರಿತ್ತು.

"ಮುಟ್ಟಿಂದ ಫಿಟ್ಸು ಅಂತ ನೀವೇ ಅಂದ್ರಲ್ಲ. ಮುಟ್ಟು ನಿಂತ್ರೆ ಅದೂ ನಿಂತೋಗುತ್ತೆ. ಇನ್ನೇನು?"

ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ಅವಳು ತೋಟದಿಂದ ತಂದುಕೊಟ್ಟಿದ್ದ ಮಾವಿನಕಾಯಿಗಳು ಚೀಲದಲ್ಲಿದ್ದವು. ಮೇಡಂ ಒಂದು ದೊಡ್ಡ ತೋತಾಪುರಿಯನ್ನೂ ಎರಡು ಹೀಚುಗಳನ್ನೂ ತೆಗೆದು ಮೇಜಿನ ಮೇಲೆ ಇಟ್ಟರು.

"ನೋಡಿ, ಇದು ಗರ್ಭಕೋಶ. ಇವೆರಡು ಅಂಡಾಶಯ. ನೀವು ತೆಗ್ಸೋದು ಈ ದೊಡ್ಡದನ್ನ. ಆಗ ರಕ್ತ ಹೋಗೋದು ನಿಲ್ಲುತ್ತೆ, ಸರಿ. ಆದ್ರೆ ಹಾರ್ಮೋನು ಬರೋದು ಈ ಚಿಕ್ಕವುಗಳಿಂದ. ಅವು ಹೊಟ್ಟೇಲೇ ಇದ್ದು ತಿಂಗಳು ತಿಂಗಳೂ ಅವುಗಳ ಕೆಲಸ ಮಾಡ್ತಾನೇ ಇರ್ತವೆ."

ನಾರಾಯಣಮ್ಮ ಹೀಚುಗಳನ್ನು ದಿಟ್ಟಿಸಿದಳು. "ಹಂಗಾದ್ರೆ ಅವನ್ನೂ ತೆಗ್ದಾಕ್ಲಿ ಬಿಡಿ."

"ತೆಗೆದ್ರೆ ಇವಳು ಈ ವಯಸ್ಸಿಗೇ ಮುದುಕಿ ಆಗ್ತಾಳೆ ಕಣಮ್ಮಾ. ಮೂಳೆ ಸವೆಯುತ್ತೆ, ನಿದ್ದೆ ಹೋಗುತ್ತೆ. ಫಿಟ್ಸ್ ನಿಲ್ಲುತ್ತೆ ಅಂತ ನಾನು ಆಗ್ಲೂ ಬರ್ಕೊಡಲ್ಲ."

"ತಿಂಗ್ಳಾ ತಿಂಗ್ಳಾ ಬಿದ್ದು ಸಾಯೋದಕ್ಕಿಂತ ಮುದುಕಿ ಆಗೋದು ವಾಸಿ ಅಲ್ವಾಮ್ಮಾ?" ಎಂದು ನಾರಾಯಣಮ್ಮ ಮೊಮ್ಮಗಳನ್ನು ನೀರು ಕುಡಿಸಲು ಹೊರಗೆ ಕರೆದೊಯ್ದಳು.

ಆಗ ವೆಂಕಟಲಕ್ಷ್ಮಿ ಮೊದಲ ಸಲ ಬಾಯಿಬಿಟ್ಟಳು. ಅಲ್ಲಿಯವರೆಗೆ ಅವಳ ಬದಲು ಅತ್ತೆಯೇ ಮಾತನಾಡುತ್ತಿದ್ದಳು.

"ಅಕ್ಕಾ, ನಂಗೆ ಇನ್ನೊಂದು ಮಗು ಬೇಕು. ಅತ್ತಮ್ಮನ ಮುಂದೆ ಹೆಂಗೆ ಹೇಳಾದು? ಇಷ್ಟು ಮಾಡವ್ರೆ ನಂಗೆ. ಬ್ಯಾಡ ಅಂದ್ರೆ, ಬಿದ್ದು ಬಿದ್ದು ಸಾಯಿ ಅಂತಾರೇನೋ."

ನಾವು ಹೇಳಿದ ಒಂದು ಮಾತು ಹಿಡಿದುಕೊಂಡೇ ಇವಳ ಮೈಗೆ ಕತ್ತರಿ ಬೀಳುವುದರಲ್ಲಿತ್ತು. ಮೇಡಂ ಹೊರಗೆ ಹೋಗಿ ನಾರಾಯಣಮ್ಮನ ಹತ್ತಿರ, ಕಾಯಿ ಮುಗಿಯುವವರೆಗೆ ನನಗೆ ಅವಕಾಶ ಕೊಡಿ, ಅಷ್ಟರಲ್ಲಿ ಫಿಟ್ಸ್ ಹತೋಟಿಗೆ ಬರದಿದ್ದರೆ ನಿಮ್ಮಿಷ್ಟ ಎಂದರು. ಅವಳು ಒಪ್ಪಿದಳು. ಹೇಗಿದ್ದರೂ ಅಷ್ಟು ದಿನ ತೋಟದ ಕೆಲಸಕ್ಕೆ ಅವಳಿಗೆ ಸೊಸೆ ಬೇಕಿತ್ತು.

ರಕ್ತ ತೆಗೆಯುವ ಕೆಲಸ ಶುರುವಾಯಿತು. ಪ್ರೊಜೆಸ್ಟರಾನ್ ಎಷ್ಟಿದೆ ಎಂಬುದರ ಜೊತೆಗೆ ಫಿಟ್ಸ್ ಔಷಧಿಯ ಮಟ್ಟವನ್ನೂ ನೋಡಲು ಮೇಡಂ ಹೇಳಿದ್ದರು. ಐಸ್ ಡಬ್ಬಿಯಲ್ಲಿ ಇಟ್ಟ ಸೀಸೆಗಳು ಬೆಂಗಳೂರಿಗೆ ಹೋಗಿ ಫಲಿತಾಂಶ ಬಂತು. ಮುಟ್ಟಿಗೆ ಒಂದು ವಾರ ಮುಂಚೆ ತೆಗೆದ ರಕ್ತದಲ್ಲಿ ಔಷಧಿ ಸರಿಯಾಗಿತ್ತು. ಮುಟ್ಟಿನ ಮೂರನೆಯ ದಿನ ತೆಗೆದದ್ದರಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಇಳಿದಿತ್ತು.

ಬೇರೆ ಯಾರಾದರೂ ಆಗಿದ್ದರೆ, ಮಾತ್ರೆ ನುಂಗಿಲ್ಲ ಎಂದು ಕೂಗಾಡುತ್ತಿದ್ದರು. ವಾರಿಜಾ ಮೇಡಂ ಹಾಗಲ್ಲ, ಅವರಿಗೆ ಕುತೂಹಲ ಹತ್ತಿತು. ಮುಟ್ಟಿನ ಹೊತ್ತಿಗೆ ಹಾರ್ಮೋನು ಇಳಿದಾಗ ಲಿವರ್ ಈ ಔಷಧಿಯನ್ನು ಬೇಗ ಕರಗಿಸಬಹುದು ಎಂದು ಕೆಲವರು ವಾದಿಸುತ್ತಾರಂತೆ. ಇದು ಅದಕ್ಕೇ ಸಾಕ್ಷಿಯೇನೋ ಎಂದು ಅವರ ಕಣ್ಣು ಹೊಳೆಯುತ್ತಿತ್ತು. ವೆಂಕಟಲಕ್ಷ್ಮಿಯನ್ನು ಕೇಳಿದರೆ, ದಿನಾ ತಗೋತೀನಿ, ಅತ್ತಮ್ಮನೇ ಕೈಯಾರೆ ಕೊಡ್ತಾರೆ ಎನ್ನುತ್ತಿದ್ದಳು. ಅತ್ತೆಯೂ ಅದನ್ನೇ ಹೇಳಿದಳು. ಇಬ್ಬರೂ ಸುಳ್ಳು ಹೇಳುವವರಾಗಿರಲಿಲ್ಲ.

"ಇನ್ನೊಂದ್ಸಲ ಅದೇ ದಿನಗಳಲ್ಲಿ ರಕ್ತ ತೆಗೆಯೋಣ ಸಿಸ್ಟರ್. ಈ ಸಲ ನಾವೇ ಮನೆಗೆ ಹೋಗೋಣ" ಎಂದರು.

ಯುಗಾದಿ ಕಳೆದ ಮೇಲೆ ಒಂದು ದಿನ ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮರಗಳಲ್ಲಿ ಕಾಯಿ ಜೋತಾಡುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ವೆಂಕಟಲಕ್ಷ್ಮಿ ಜಗಲಿಯ ಆ ತುದಿಯಲ್ಲಿ ಬೇರೆ ಚಾಪೆ, ಬೇರೆ ಲೋಟ ಇಟ್ಟುಕೊಂಡು ಕುಳಿತಿದ್ದಳು. ಎರಡನೆಯ ದಿನ. ಮಗಳು ಈ ತುದಿಯಿಂದ ಅವಳಿಗೆ ಏನೋ ಹಾಡಿ ತೋರಿಸುತ್ತಿತ್ತು. ನಾನು ರಕ್ತ ತೆಗೆದು ಸೀಸೆಗೆ ಹಾಕುತ್ತಿರುವಾಗ ಒಳಗೆ ದೀಪ ಹಚ್ಚಿ ಗಂಟೆ ಬಾರಿಸಿದ ಸದ್ದು ಕೇಳಿತು. ನಾರಾಯಣಮ್ಮ ಬಟ್ಟಲಿನಲ್ಲಿ ತೀರ್ಥ ತಂದು ಮೇಡಂ ಅವರಿಗೆ ಕೊಟ್ಟಳು, ನನಗೆ ಕೊಟ್ಟಳು, ಮಗುವಿಗೆ ಕೊಟ್ಟಳು. ಸೊಸೆಯ ಕಡೆ ಹೋಗದೆ ಬಟ್ಟಲು ತೆಗೆದುಕೊಂಡು ಒಳಗೆ ಹೊರಟಳು.

ಮೇಡಂ, "ಲಕ್ಷ್ಮಿಗೆ ಮಾತ್ರೆ ಯಾವಾಗ ಕೊಡ್ತೀರಿ?" ಎಂದರು, ಸುಮ್ಮನೆ ಮಾತಿಗೆ.

"ಇದೇ ಹೊತ್ತಿಗೇ. ತೀರ್ಥದ ಜೊತೇಲಿ."

"ಹಾಗಿದ್ರೆ ಕೊಡಿ, ನೋಡೋಣ."

ನಾರಾಯಣಮ್ಮ ನಿಂತಳು. ಏನೋ ಹೇಳಬಾರದ್ದನ್ನು ಹೇಳಿದರೆಂಬಂತೆ ಮೇಡಂ ಮುಖವನ್ನೇ ನೋಡಿದಳು. "ಇವತ್ತು ಹೆಂಗೆ ಕೊಡಾದಮ್ಮಾ? ಅದು ದೇವ್ರ ಗೂಡಲ್ಲಿ ಇರಾದು. ಇವ್ಳು ಹೊರಗಿದಾಳಲ್ಲ."

ಮೇಡಂ ಬಿಡದೆ ಕೇಳಿದರು. ಆಮೇಲೆ ಒಂದೊಂದಾಗಿ ತಿಳಿಯಿತು. ಮಾತ್ರೆಯ ಡಬ್ಬಿ ಮೊದಲು ಅಡುಗೆಮನೆಯಲ್ಲಿತ್ತು. ಆಗ ಗುಣ ಕಾಣಲಿಲ್ಲ. ನಾವು ಮಾತ್ರೆ ಹೆಚ್ಚಿಸಿದ ದಿನಗಳಲ್ಲೇ ನಾರಾಯಣಮ್ಮ ಹರಕೆ ಹೊತ್ತು ಡಬ್ಬಿಯನ್ನು ದೇವರ ಗೂಡಿನಲ್ಲಿ ಇಟ್ಟಳು. ಫಿಟ್ಸ್ ಕಡಿಮೆಯಾಯಿತು. ಅಂದಿನಿಂದ ಅದು ಔಷಧಿಯಾಗಿ ಉಳಿಯದೆ ಪ್ರಸಾದವಾಯಿತು. ಸಂಜೆ ದೀಪ ಹಚ್ಚಿ ತೀರ್ಥದ ಜೊತೆ ಕೊಡುವುದು. ಮುಟ್ಟಾದವರಿಗೆ ತೀರ್ಥ ಪ್ರಸಾದ ಕೊಡುವುದಿಲ್ಲ, ಹಾಗಾಗಿ ಮಾತ್ರೆಯೂ ಇಲ್ಲ. ಅದರಲ್ಲಿ ಮುಚ್ಚಿಡುವಂಥದ್ದು ಅವರಿಗೆ ಏನೂ ಕಂಡಿರಲಿಲ್ಲ. ದಿನಾ ದೀಪ ಹಚ್ಚುತ್ತೇನೆ ಎನ್ನುವ ಹೆಂಗಸು ಆ ಮೂರು ದಿನಗಳನ್ನು ಬಿಟ್ಟೇ ಹೇಳುತ್ತಾಳೆ. ನಾನೂ ಹಾಗೆ ಹೇಳುವ ಮನೆಯಲ್ಲೇ ಬೆಳೆದವಳು, ಆದರೂ ನನಗೆ ಹೊಳೆದಿರಲಿಲ್ಲ.

ಅಲ್ಲಿಗೆ ಕ್ಯಾಲೆಂಡರಿನ ಕಥೆ ಬದಲಾಯಿತು. ಮೂರು ದಿನ ಮಾತ್ರೆ ತಪ್ಪಿದರೆ ಹಾರ್ಮೋನಿನ ಹಂಗಿಲ್ಲದೆ ಈ ಕಾಯಿಲೆಯ ಯಾರಿಗಾದರೂ ಫಿಟ್ಸ್ ಬರಬಹುದು. ಮೇಡಂ ಜಗಲಿಯ ಮೇಲೆ ಕುಸಿದು ಕುಳಿತು ನಗತೊಡಗಿದರು. ನಾರಾಯಣಮ್ಮ ಗಾಬರಿಯಿಂದ, "ಏಮೈಂದಮ್ಮಾ?" ಎಂದು ನನ್ನನ್ನು ಕೇಳಿದಳು. ಏನಾಯಿತು ಎಂದು ನಾನೇನು ಹೇಳಲಿ.

"ಒಂದು ಕೇಳ್ತೀನಿ ನಾರಾಯಣಮ್ಮ," ಎಂದರು ಮೇಡಂ, ನಗು ನಿಲ್ಲಿಸಿ. "ಈ ದಿನಗಳಲ್ಲಿ ಅವಳು ಬಿದ್ರೆ ಯಾರು ಹಿಡ್ಕೋತಾರೆ?"

"ನಾನೇ. ಇನ್ಯಾರು? ಹಿಡ್ಕೊಂಡು, ಬಾಯಿ ಒರ್ಸಿ, ಮಲಗ್ಸಿ, ಆಮೇಲೆ ತಲೆಗೆ ನೀರು ಹಾಕ್ಕೋತೀನಿ."

ಇದು ನನಗೆ ಇನ್ನೂ ವಿಚಿತ್ರವಾಗಿ ಕಂಡಿತು. ಸೊಸೆಯನ್ನು ಮುಟ್ಟಲು ಅವಳಿಗೆ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಗೂಡಿನಿಂದ ಬಂದ ವಸ್ತುವನ್ನು ಅವಳ ಕೈಗೆ ಹಾಕುವುದಕ್ಕೆ. ಮೂಢನಂಬಿಕೆ ಎಂದು ಬೈದು ಜೀಪು ಹತ್ತುವುದು ಸುಲಭವಿತ್ತು, ಅಂಥ ಡಾಕ್ಟರುಗಳ ಜೊತೆಯೂ ನಾನು ಕೆಲಸ ಮಾಡಿದ್ದೇನೆ. ಮೇಡಂ ಬೈಯಲಿಲ್ಲ. ಪ್ರತಿ ತಿಂಗಳೂ ಅವಳು ಹೊರಗಾಗುವ ಮುಂಚೆಯೇ ಒಂದು ವಾರದ ಮಾತ್ರೆಗಳನ್ನು ದೇವರಿಗೆ ಕೈಮುಗಿದು ತೆಗೆದು, ಜಗಲಿಯ ಗೋಡೆಗೂಡಿನಲ್ಲಿ ಬೇರೆ ಡಬ್ಬಿಯಲ್ಲಿ ಇಟ್ಟರೆ ಆಗುತ್ತದೆಯೇ ಎಂದು ಕೇಳಿದರು. ನಾರಾಯಣಮ್ಮ ಗೋಡೆಗೂಡಿನೊಳಗೆ ಕೈಯಾಡಿಸಿ ಧೂಳು ಒರೆಸಿದಳು.

"ಆಗುತ್ತೆ. ಆದ್ರೆ ಆಪರೇಷನ್ ಆಗೋದ್ರೆ ಈ ರಗಳೇನೇ ಇರಲ್ಲ ನೋಡಿ."

ಅವಳ ಮನಸ್ಸಿನಿಂದ ಅದು ಹೋಗಿರಲಿಲ್ಲ.

ಮುಂದಿನ ತಿಂಗಳು ಮುಟ್ಟಿನ ದಿನಗಳಲ್ಲಿ ಒಂದು ಬೊಟ್ಟೂ ಇರಲಿಲ್ಲ. ಖುಷಿಯಿಂದ ಕ್ಯಾಲೆಂಡರನ್ನು ಎತ್ತಿ ಹಿಡಿದೆ. ಮೇಡಂ ಬೆರಳು ಮಾತ್ರ ಎರಡು ದಿನ ಹಿಂದೆ ಹೋಗಿ ನಿಂತಿತು. ಅಲ್ಲಿ ಒಂದು ಬೊಟ್ಟಿತ್ತು. ಮಾತ್ರೆ ತಪ್ಪಿರಲಿಲ್ಲ, ನಿದ್ದೆ ಕೆಟ್ಟಿರಲಿಲ್ಲ, ಜ್ವರ ಇರಲಿಲ್ಲ. ಅದರ ಮುಂದಿನ ತಿಂಗಳೂ ಹಾಗೇ, ಮುಟ್ಟಿನ ಹಿಂದಿನ ದಿನ. ಇಷ್ಟು ದಿನ ದೊಡ್ಡ ಗದ್ದಲದ ಪಕ್ಕದಲ್ಲಿ ಚಿಲ್ಲರೆ ಎಂದು ನಾವು ಬಿಟ್ಟಿದ್ದ ಬೊಟ್ಟುಗಳು ಅವೇ. ಹಾರ್ಮೋನು ಅಲ್ಲಿ ಮೊದಲಿನಿಂದಲೂ ಇತ್ತು, ತಪ್ಪಿದ ಮಾತ್ರೆಗಳ ಮರೆಯಲ್ಲಿ ಕುಳಿತಿತ್ತು. ಹೀಗೆ ಒಂದು ಕಾರಣವನ್ನು ತೆಗೆದ ಮೇಲೆ ಇನ್ನೊಂದು ಕಾಣಿಸಿಕೊಂಡದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆ ಕುತೂಹಲದ ಸುಖವನ್ನು ನಾನು ಬಚ್ಚಿಡುವುದಿಲ್ಲ. ಆದರೆ ಸುಖದ ಬೆನ್ನಿಗೇ ಭಯವೂ ಇತ್ತು.

"ನೋಡಿ, ನಿಲ್ಲಲಿಲ್ಲ" ಎಂದಳು ನಾರಾಯಣಮ್ಮ. ಅವಳ ದನಿಯಲ್ಲಿ ಗೆಲುವೇನೂ ಇರಲಿಲ್ಲ, ದಣಿವಿತ್ತು. ತೋಟದಲ್ಲಿ ಬಾದಾಮಿ ಮಾವು ಇಳಿದಾಗಿತ್ತು, ತೋತಾಪುರಿ ನಡೆಯುತ್ತಿತ್ತು. ವೆಂಕಟಲಕ್ಷ್ಮಿ ನನ್ನ ಸೀರೆಯ ಸೆರಗನ್ನು ಸಣ್ಣ ಮಗುವಿನಂತೆ ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

ಮೇಡಂ ದಿನನಿತ್ಯದ ಮಾತ್ರೆಯ ಜೊತೆಗೆ, ಮುಟ್ಟು ಹತ್ತಿರವಾದ ಕೆಲವೇ ದಿನಗಳಿಗೆ ನುಂಗುವಂತೆ ಇನ್ನೊಂದು ಸಣ್ಣ ಮಾತ್ರೆ ಬರೆದರು. ತಿಂಗಳೆಲ್ಲ ಬೇಡ, ಕಾಯಿಲೆ ಯಾವಾಗ ಬರುತ್ತದೆಂದು ಗೊತ್ತಿದ್ದರೆ ಅದರ ದಾರಿಯಲ್ಲಿ ಕಾದರೆ ಸಾಕು ಎಂದರು. ಯಾವ ದಿನ ಶುರುಮಾಡಬೇಕು ಎಂಬುದನ್ನು ವೆಂಕಟಲಕ್ಷ್ಮಿಯೇ ಕ್ಯಾಲೆಂಡರ್ ನೋಡಿ ಹೇಳಬೇಕು, ಅತ್ತೆಯಲ್ಲ ಎಂದು ಒತ್ತಿ ಹೇಳಿದರು. ಆ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು.

ಆಮೇಲಿನ ವಾರಗಳಲ್ಲಿ ನಾನು ಬೇರೆ ಕೆಲಸದ ನಡುವೆಯೂ ಅವಳನ್ನೇ ನೆನೆಯುತ್ತಿದ್ದೆ. ಒಂದು ಫಿಟ್ಸ್ ಬಂದರೆ ಸಾಕು, ಟೆಂಪೊ ನರ್ಸಿಂಗ್ ಹೋಮಿನ ಕಡೆಗೆ ಹೋಗುತ್ತದೆ ಎಂದು ಗೊತ್ತಿತ್ತು. ಫೋನು ಮಾಡೋಣವೆಂದುಕೊಂಡು, ಕೆಟ್ಟ ಸುದ್ದಿ ಕೇಳಬೇಕಾದೀತೆಂದು ಬಿಡುತ್ತಿದ್ದೆ. ಕಾಯಿ ಮುಗಿಯಿತು. ಮಂಡಿಗಳ ಮುಂದಿನ ಲಾರಿ ಸಾಲು ಕರಗಿತು. ಕ್ಲಿನಿಕ್ಕಿನ ದಿನ ಅತ್ತೆ ಸೊಸೆ ಸಾಲಿನಲ್ಲಿ ಕುಳಿತಿರುವುದನ್ನು ಕಂಡು ನಾನು ಮಾತ್ರೆ ಎಣಿಸುವುದನ್ನು ಬಿಟ್ಟು ಓಡಿದೆ. ಕ್ಯಾಲೆಂಡರು ನೋಡಿದೆ. ಗೀಟುಗಳಷ್ಟೇ ಇದ್ದವು.

ಒಳಗೆ ಹೋದ ಕೂಡಲೇ ನಾರಾಯಣಮ್ಮ, "ಆಪರೇಷನ್ ಬ್ಯಾಡ ಅಂತ ಮಗನ್ನ ಕಳ್ಸಿ ಹೇಳ್ಸಿಬಿಟ್ಟೆ ಡಾಕ್ಟ್ರಮ್ಮ" ಎಂದಳು.

ಮೇಡಂ ಕಣ್ಣು ಮುಚ್ಚಿ ತೆರೆದರು. ಇನ್ನು ಮಗು ಬೇಕಾದರೆ ಮೊದಲೇ ಹೇಳು, ಮಾತ್ರೆ ನೋಡಿ ಸರಿಮಾಡೋಣ ಎಂದು ವೆಂಕಟಲಕ್ಷ್ಮಿಗೆ ಹೇಳಿದರು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, "ನನ್ನ ಮುಖ ಏನ್ ನೋಡ್ತೀಯೇ? ನಿಂಗೆ ಬೇಕಾ ಬ್ಯಾಡ್ವಾ ಅಂತ ನೀನ್ ಹೇಳು" ಎಂದಳು. "ಬೇಕು" ಎಂದಳು ವೆಂಕಟಲಕ್ಷ್ಮಿ, ಸ್ಪಷ್ಟವಾಗಿ.

ಮೇಡಂ ಅಷ್ಟಕ್ಕೇ ಬಿಡಬಹುದಿತ್ತು. ಹೊರಗೆ ಸಾಲು ಉದ್ದವಿತ್ತು. ಆದರೆ ಕೇಳದೆ ಇರುವುದು ಅವರಿಗೆ ಬರುತ್ತಿರಲಿಲ್ಲ.

"ನಾರಾಯಣಮ್ಮ, ಸೊಸೆನ ಇಷ್ಟು ಚೆನ್ನಾಗಿ ನೋಡ್ಕೋತೀರಿ. ಆ ಆಪರೇಷನ್ ಬಗ್ಗೆ ಮಾತ್ರ ಯಾಕೆ ಅಷ್ಟು ಹಠ ಹಿಡಿದ್ರಿ?"

ನಾರಾಯಣಮ್ಮ ಚೀಲದ ಹಿಡಿಯನ್ನು ತಿರುವುತ್ತಾ ನಿಂತಳು.

"ನಂಗೂ ತೆಗ್ದವ್ರಮ್ಮಾ. ಇವ್ಳಷ್ಟೇ ವಯಸ್ಸು ನಂಗಾಗ. ಹೊಟ್ಟೆನೋವು ಅಂತ ಹೋಗಿದ್ದೆ, ತೆಗೆದ್ರೆ ಹೋಗುತ್ತೆ ಅಂದ್ರು. ನೋವು ಹೋಗ್ಲಿಲ್ಲ. ಆದ್ರೆ ಒಂದಾಯ್ತು. ಆವತ್ತಿಂದ ತಿಂಗಳು ಪೂರ್ತಿ ಒಳಗೆ ಓಡಾಡ್ಬೋದು. ದೀಪ ಹಚ್ಬೋದು, ಹುಣಸೇಹಣ್ಣಿನ ಮಡಕೆ ಮುಟ್ಬೋದು. ದೂರ ಕೂತ್ಕೋ ಅಂತ ಯಾರೂ ಅನ್ನಲ್ಲ. ನಂಗೆ ಸಿಕ್ಕಿದ್ದು ಅದೊಂದೇ. ಇವ್ಳಿಗೆ ಫಿಟ್ಸು ಹೋಗ್ದಿದ್ರೂ ಅದಾದ್ರೂ ಸಿಗ್ಲಿ ಅಂತಿದ್ದೆ."

ವೆಂಕಟಲಕ್ಷ್ಮಿ ಅವಳ ಕಡೆ ತಿರುಗಿದಳು. "ಅತ್ತಮ್ಮಾ, ನಂಗೆ ಒಂದಿನಾನೂ ಹೇಳ್ಲಿಲ್ಲ."

"ಯಾರ್ ಕೇಳಿದ್ರು?"

ನಾನು ಗೋಡೆಯ ಕಡೆ ಮುಖ ಮಾಡಿಕೊಂಡು ಸೀಸೆಗಳನ್ನು ಜೋಡಿಸತೊಡಗಿದೆ. ಅವು ಜೋಡಿಸಿಯೇ ಇದ್ದವು.

"ಆ ನೋವು," ಎಂದರು ಮೇಡಂ, "ಈಗ?"

"ಈಗ್ಲೂ ಐತೆ. ಹಳೇದು ಬಿಡಿ. ಆಚೆ ಜನ ಕಾಯ್ತಾವ್ರೆ."

"ಕಾಯ್ಲಿ." ಮೇಡಂ ರೋಗಿಗಳ ಸ್ಟೂಲನ್ನು ತಮ್ಮ ಹತ್ತಿರಕ್ಕೆ ಎಳೆದರು. "ಕೂತ್ಕೊಳ್ಳಿ. ಮೊದ್ಲಿಂದ ಹೇಳಿ."

ನಾರಾಯಣಮ್ಮ ಆ ಸ್ಟೂಲನ್ನು ನೋಡಿದಳು. ಎಷ್ಟೋ ಸಲ ಸೊಸೆಯನ್ನು ಅದರ ಮೇಲೆ ಕೂರಿಸಿ ಹಿಂದೆ ನಿಂತಿದ್ದವಳು ಅವಳು. ವೆಂಕಟಲಕ್ಷ್ಮಿ ಅವಳ ಕೈಯಿಂದ ಚೀಲ ಇಸಿದುಕೊಂಡು, ಹಿಂದಕ್ಕೆ ಸರಿದು ನಿಂತಳು. ಅತ್ತೆ ಸೆರಗು ಸರಿಮಾಡಿಕೊಂಡು ಕುಳಿತಳು.